ಆಕಾಶ ಬೆಳಗಿದರೆ ಕಿಟಕಿಗೆ ಓಡಬೇಡಿ

ಪ್ರಶ್ನೆ: ನಮಸ್ಕಾರ ಸರ್. ನಾನು ವೈಟ್‌ಫೀಲ್ಡ್ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಟೀಚರ್. ಎಂಟನೇ ತರಗತಿಯ ಹುಡುಗನೊಬ್ಬ 2013ರಲ್ಲಿ ರಷ್ಯಾದ ಚೆಲ್ಯಾಬಿನ್ಸ್ಕ್ ಊರಿನ ಮೇಲೆ ಉಲ್ಕೆ ಸಿಡಿದ ವಿಡಿಯೊ ನೋಡಿಕೊಂಡು ಬಂದು, “ಮಿಸ್, ಕಲ್ಲು ಯಾರ ತಲೆ ಮೇಲೂ ಬೀಳಲಿಲ್ಲವಂತೆ, ಮತ್ತೆ ಅಷ್ಟೊಂದು ಜನಕ್ಕೆ ಗಾಯ ಹೇಗಾಯ್ತು?” ಎಂದು ಕೇಳಿದ. ಸರಿಯಾಗಿ ಉತ್ತರಿಸಲು ನನಗೆ ಆಗಲಿಲ್ಲ. 2020ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಆ ದೊಡ್ಡ ಶಬ್ದ ಕೇಳಿದಾಗ ನಮ್ಮ ಅಪಾರ್ಟ್‌ಮೆಂಟಿನವರೆಲ್ಲ ಬಾಲ್ಕನಿಗೆ ಓಡಿ ಬಂದಿದ್ದೆವು. ಅದು ಉಲ್ಕೆಯೇ ಆಗಿದ್ದರೆ ನಮ್ಮ ಗತಿ ಏನು ಎಂದು ಈಗ ಅನ್ನಿಸುತ್ತಿದೆ. ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಬೇರೆಯದೇ ಮಾತು: ಅದು ಕ್ಷಿಪಣಿ, ಸರ್ಕಾರ ಮುಚ್ಚಿಟ್ಟಿತು, ಉಲ್ಕೆಯ ಕಲ್ಲಿನಿಂದ ವಿಕಿರಣ ಬರುತ್ತದೆ, 2032ಕ್ಕೆ ಮುಂಬೈ ಮೇಲೆ ಒಂದು ಬೀಳುತ್ತದೆ, ವಿಜ್ಞಾನಿಗಳು ಹೇಳುತ್ತಿಲ್ಲ. ನನ್ನ ತರಗತಿಯಲ್ಲಿ 42 ಮಕ್ಕಳು, ಎಡಗಡೆ ಗೋಡೆ ಪೂರ್ತಿ ಕಿಟಕಿ. ಇಂಥದ್ದು ನಿಜವಾಗಿ ಆದರೆ ನಾನು ಏನು ಮಾಡಬೇಕು? ಮಕ್ಕಳನ್ನು ಹೆದರಿಸದೆ ಇದನ್ನು ಹೇಳಿಕೊಡುವುದು ಹೇಗೆ?

ಉತ್ತರ: ನಮಸ್ಕಾರ ಮೇಡಂ. ಮಾಡಬೇಕಾದದ್ದನ್ನು ಮೊದಲು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಹಗಲಾಗಲಿ ರಾತ್ರಿಯಾಗಲಿ, ನೆಲದ ಮೇಲೆ ನೆರಳು ಹರಿದಾಡುವಷ್ಟು ಪ್ರಖರವಾದ ಬೆಳಕು ಆಕಾಶದಲ್ಲಿ ಹಾದುಹೋದರೆ ಕಿಟಕಿಯ ಕಡೆ ಹೋಗಬೇಡಿ. ಎಲ್ಲರೂ ಡೆಸ್ಕಿನ ಕೆಳಗೆ, ಬೆನ್ನು ಗಾಜಿನ ಕಡೆಗೆ, ಕೈ ಕತ್ತಿನ ಹಿಂದೆ. ಐದು ನಿಮಿಷ ಅಲ್ಲೇ ಇರಿ. ಏನೂ ಆಗಲಿಲ್ಲವಾದರೆ ಪಾಠದಲ್ಲಿ ಐದು ನಿಮಿಷ ಕಳೆಯಿತು ಅಷ್ಟೆ.

ಇನ್ನು ನಿಮ್ಮ ಹುಡುಗನ ಪ್ರಶ್ನೆ. ಅವನು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾನೆ.

2013ರ ಫೆಬ್ರವರಿ 15, ಶುಕ್ರವಾರ. ಉರಾಲ್ ಪರ್ವತಗಳ ಪೂರ್ವ ಮಗ್ಗುಲಲ್ಲಿರುವ ಚೆಲ್ಯಾಬಿನ್ಸ್ಕ್ ಸುಮಾರು 11 ಲಕ್ಷ ಜನರ ಕೈಗಾರಿಕಾ ನಗರ. ಬೆಳಿಗ್ಗೆ 9 ಗಂಟೆ 20 ನಿಮಿಷ, ಸೂರ್ಯ ಆಗಷ್ಟೇ ಹುಟ್ಟಿದ್ದ, ಹೊರಗೆ ಸೊನ್ನೆಗಿಂತ 15 ಡಿಗ್ರಿ ಕೆಳಗಿನ ಚಳಿ. ಮಕ್ಕಳು ಶಾಲೆಯಲ್ಲಿ, ದೊಡ್ಡವರು ಕಚೇರಿಯಲ್ಲಿ, ಕಾರ್ಖಾನೆಯಲ್ಲಿ, ರಸ್ತೆಯಲ್ಲಿ. ಸುಮಾರು 19–20 ಮೀಟರ್ ಅಗಲದ, 12 ಸಾವಿರ ಟನ್‌ಗಿಂತ ಹೆಚ್ಚು ತೂಕದ ಒಂದು ಬಂಡೆ ಸೆಕೆಂಡಿಗೆ 19 ಕಿಲೋಮೀಟರ್ ವೇಗದಲ್ಲಿ, ನೆಲಕ್ಕೆ ಬರೀ 18 ಡಿಗ್ರಿಯಷ್ಟು ಓರೆಯಾಗಿ ವಾತಾವರಣಕ್ಕೆ ನುಗ್ಗಿತು. ಸುಮಾರು 30 ಕಿ.ಮೀ. ಎತ್ತರದಲ್ಲಿ ಪುಡಿಯಾಯಿತು. ಆ ಕ್ಷಣದ ಬೆಳಕು ಸೂರ್ಯನನ್ನೂ ಮೀರಿಸಿತು. ಬಿಡುಗಡೆಯಾದ ಶಕ್ತಿ 400ರಿಂದ 500 ಕಿಲೋಟನ್ ಟಿಎನ್‌ಟಿಗೆ ಸಮ, ಅಂದರೆ ಹಿರೋಶಿಮಾ ಬಾಂಬಿನ ಸುಮಾರು 30 ಪಟ್ಟು.

ಈ “30 ಪಟ್ಟು” ಎಂಬ ಮಾತು ಕೇಳಿದವರಿಗೆ ಊರೇ ಸುಟ್ಟುಹೋಗಬೇಕಿತ್ತಲ್ಲ ಅನ್ನಿಸುತ್ತದೆ. ಹಿರೋಶಿಮಾದ ಬಾಂಬು ಸಿಡಿದದ್ದು ನೆಲದಿಂದ ಸುಮಾರು 600 ಮೀಟರ್ ಮೇಲೆ, ಇದು 30 ಕಿ.ಮೀ. ಮೇಲೆ. ಜೊತೆಗೆ ಓರೆಯಾಗಿ ಬಂದದ್ದರಿಂದ ಶಕ್ತಿ ಒಂದೇ ಬಿಂದುವಿನಲ್ಲಿ ಖಾಲಿಯಾಗದೆ ಉದ್ದನೆಯ ಹಾದಿಯುದ್ದಕ್ಕೂ ಚೆಲ್ಲಿಹೋಯಿತು. ನಡುವಿನ ಗಾಳಿಯ ಪದರವೇ ಊರನ್ನು ಕಾಯಿತು.

ಆಗ ಜನ ಏನು ಮಾಡಿದರು ಎನ್ನುವುದು ನಮಗೆ ಚೆನ್ನಾಗಿ ಗೊತ್ತು. ಅಪಘಾತ, ವಿಮೆ, ಪೊಲೀಸು ತಕರಾರುಗಳಿಗೆ ಸಾಕ್ಷಿ ಬೇಕೆಂದು ರಷ್ಯಾದಲ್ಲಿ ಬಹಳ ಜನ ಕಾರಿನೊಳಗೆ ಕ್ಯಾಮೆರಾ ಇಟ್ಟುಕೊಳ್ಳುತ್ತಾರೆ. ಅದರಿಂದಾಗಿ ಈ ಘಟನೆಯ ಹಾಗೆ ನೂರಾರು ಕೋನಗಳಿಂದ ದಾಖಲಾದ ಉಲ್ಕೆ ಅದಕ್ಕೆ ಮೊದಲು ಇನ್ನೊಂದಿರಲಿಲ್ಲ. ಆ ದೃಶ್ಯಗಳಲ್ಲಿ ಮರದ, ಕಂಬದ ನೆರಳುಗಳು ಗಡಿಯಾರದ ಮುಳ್ಳಿನಂತೆ ಹಿಮದ ಮೇಲೆ ಸರ್ರನೆ ತಿರುಗುತ್ತವೆ. ಡ್ರೈವರ್ ಬಿಸಿಲುಪಟ್ಟಿ ಕೆಳಗೆ ಎಳೆದುಕೊಂಡು ಹಾಗೇ ಕಾರು ಓಡಿಸಿಕೊಂಡು ಹೋಗುವುದೂ ಇದೆ. ಬೆಳಕು ಆರಿದ ಮೇಲೆ ಆಕಾಶದಲ್ಲಿ ದಪ್ಪನೆಯ ಬಿಳಿ ಜೋಡಿ ಗೆರೆ ಉಳಿಯಿತು. ಸದ್ದಿಲ್ಲ. ಕಚೇರಿಗಳಲ್ಲಿ, ಮನೆಗಳಲ್ಲಿ, ತರಗತಿಗಳಲ್ಲಿ ಜನ ಕಿಟಕಿಗೆ ಬಂದರು, ಗಾಜಿಗೆ ಮುಖ ಹತ್ತಿರ ತಂದು ನೋಡಿದರು, ಫೋನು ತೆಗೆದು ಫೋಟೊ ಹಿಡಿದರು, ಪಕ್ಕದವರನ್ನು ಕೂಗಿ ಕರೆದರು.

ಉಲ್ಕೆಯ ಹಾದಿಯ ಕೆಳಗೇ ಇದ್ದ ಹಳ್ಳಿಗಳಿಗೆ ಒಂದೂವರೆ ನಿಮಿಷಕ್ಕೆ, ಚೆಲ್ಯಾಬಿನ್ಸ್ಕ್ ನಗರಕ್ಕೆ ಸುಮಾರು ಎರಡು ನಿಮಿಷ ಇಪ್ಪತ್ತು ಸೆಕೆಂಡಿಗೆ ಗಾಳಿಯ ಅಲೆ ಬಂದು ಬಡಿಯಿತು. ಅಷ್ಟು ಹೊತ್ತಿಗೆ ಊರಿನ ಅದೆಷ್ಟೋ ಜನ ಗಾಜಿನ ಹಿಂದೆಯೇ ನಿಂತಿದ್ದರು.

ಸುಮಾರು 1,500 ಮಂದಿ ಚಿಕಿತ್ಸೆಗೆ ಆಸ್ಪತ್ರೆಗೆ ಬಂದರು, ನೂರಕ್ಕೂ ಹೆಚ್ಚು ಮಂದಿಯನ್ನು ದಾಖಲು ಮಾಡಿಕೊಳ್ಳಬೇಕಾಯಿತು. ಬಹುಪಾಲು ಗಾಯ ಒಡೆದ ಗಾಜಿನದು. ಯಾರೂ ಸಾಯಲಿಲ್ಲ. ಆರು ಊರುಗಳಲ್ಲಿ 7,000ಕ್ಕೂ ಹೆಚ್ಚು ಕಟ್ಟಡಗಳಿಗೆ ಪೆಟ್ಟಾಯಿತು. ಒಂದು ಸತು ಕಾರ್ಖಾನೆಯ ಚಾವಣಿಯ ಭಾಗ ಕುಸಿಯಿತು. ಆ ಚಳಿಯಲ್ಲಿ ಕಿಟಕಿ ಇಲ್ಲದ ಮನೆ ಎಂದರೆ ಏನೆಂದು ನಮ್ಮ ಕಡೆಯವರಿಗೆ ಊಹಿಸುವುದು ಕಷ್ಟ. ಮನೆ ಬೆಚ್ಚಗಿಡುವ ಬಿಸಿನೀರಿನ ಕೊಳವೆಗಳು ಹೆಪ್ಪುಗಟ್ಟಿ ಒಡೆದರೆ ಇಡೀ ಬಡಾವಣೆಯೇ ಖಾಲಿಯಾಗಬೇಕಾಗುತ್ತದೆ. ಅದಕ್ಕೇ ಅಲ್ಲಿನ ಆಡಳಿತ ಉಲ್ಕೆಯ ಕಲ್ಲು ಹುಡುಕುವುದಕ್ಕಿಂತ ಮುಂಚೆ ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಹೊಡೆಸುವ, ಗಾಜು ಹಾಕುವ ಕೆಲಸಕ್ಕೆ ಜನರನ್ನು ಇಳಿಸಿತು. ಆದ್ಯತೆ ಎಂದರೆ ಅದು.

ನಿಮ್ಮ ಹುಡುಗನಿಗೆ ಹೇಳಬಹುದಾದ ಉತ್ತರ ಇಷ್ಟು: ಕಲ್ಲು ಯಾರನ್ನೂ ಹೊಡೆಯಲಿಲ್ಲ, ಗಾಳಿ ಹೊಡೆಯಿತು. ಗಾಳಿ ಗಾಜನ್ನು ಒಡೆಯಿತು, ಗಾಜು ಮನುಷ್ಯರನ್ನು ಕುಯ್ದಿತು. ಒತ್ತಡ ಹೆಚ್ಚೇನೂ ಅಲ್ಲ. ನಮ್ಮ ಸುತ್ತಲಿನ ವಾಯುಒತ್ತಡ ಸುಮಾರು 100 ಕಿಲೋಪ್ಯಾಸ್ಕಲ್. ಅದರ ಮೇಲೆ ಒಂದೇ ಒಂದು ಕಿಲೋಪ್ಯಾಸ್ಕಲ್ ಹಠಾತ್ತನೆ ಏರಿದರೂ ತೆಳು ಗಾಜುಗಳು ಒಡೆಯಲು ಶುರುವಾಗುತ್ತವೆ. ಒಂದು ಕಿಲೋಪ್ಯಾಸ್ಕಲ್ ಎಂದರೆ ಒಂದು ಚದರ ಮೀಟರ್ ಗಾಜಿನ ಮೇಲೆ ತಲಾ ಐವತ್ತು ಕಿಲೋ ತೂಕದ ಎರಡು ಅಕ್ಕಿ ಮೂಟೆ ಒಮ್ಮೆಗೇ ಒರಗಿದ ಹಾಗೆ. ಇದೇ ಒತ್ತಡ ಮೈಮೇಲೆ ಬಿದ್ದರೆ ಮನುಷ್ಯನಿಗೆ ಏನೂ ಆಗುವುದಿಲ್ಲ, ಬೆಚ್ಚಿಬೀಳುತ್ತಾನೆ ಅಷ್ಟೆ. ಬಯಲಿನಲ್ಲಿ ನಿಂತವನಿಗಿಂತ ಗಾಜಿನ ಹಿಂದೆ ನಿಂತವನಿಗೆ ಅಪಾಯ ಹೆಚ್ಚಾದದ್ದು ಇದರಿಂದ.

ಅಲ್ಲಿನ ಜನ ದಡ್ಡರು, ಹೋಗಿ ಹೋಗಿ ಕಿಟಕಿಗೆ ನಿಂತರು ಎಂದು ಮಕ್ಕಳು ತಿಳಿಯದಂತೆ ನೋಡಿಕೊಳ್ಳಿ. ಬೆಳಕು ಕಂಡ ಕಡೆ ತಿರುಗುವುದು ಮನುಷ್ಯನ ಸ್ವಭಾವ. ಬೆಳಕು ಬಂದು ಹೋಯಿತು, ಏನೂ ಆಗಲಿಲ್ಲ, ಅಂದಮೇಲೆ ಮುಗಿಯಿತು ಎಂದುಕೊಳ್ಳುವುದೂ ಸಹಜ. ನಮಗೆಲ್ಲ ಮಿಂಚು–ಗುಡುಗಿನ ಲೆಕ್ಕ ಗೊತ್ತು. ಮಿಂಚು ಕಂಡ ತಕ್ಷಣ ಮಕ್ಕಳು ಕಿವಿ ಮುಚ್ಚಿಕೊಂಡು ಕಾಯುತ್ತಾರೆ. ಅಲ್ಲಿ ಕಾಯುವುದು ಐದು ಹತ್ತು ಸೆಕೆಂಡು. ಇಲ್ಲಿ ಕಾಯಬೇಕಾದದ್ದು ನಿಮಿಷಗಟ್ಟಲೆ, ಯಾಕೆಂದರೆ ಸಿಡಿದದ್ದು ಹತ್ತಿಪ್ಪತ್ತು ಪಟ್ಟು ದೂರದಲ್ಲಿ. ಅಷ್ಟು ಹೊತ್ತು ಮನಸ್ಸು ಕಾಯುವುದಿಲ್ಲ, ಎರಡಕ್ಕೂ ಸಂಬಂಧವಿದೆ ಎಂದು ಹೊಳೆಯುವುದೂ ಇಲ್ಲ.

ಒಂದು ತರಗತಿಯಲ್ಲಿ ಹಾಗಾಗಲಿಲ್ಲ. ನಾಲ್ಕನೇ ತರಗತಿಯ ಶಿಕ್ಷಕಿಯೊಬ್ಬರು ಬೆಳಕು ಏನೆಂದು ಗೊತ್ತಿಲ್ಲದಿದ್ದರೂ 44 ಮಕ್ಕಳನ್ನು ಕಿಟಕಿಯಿಂದ ದೂರ ಸರಿಸಿ ಡೆಸ್ಕಿನಡಿಗೆ ಕಳಿಸಿದರು, ಯಾರನ್ನೂ ಹೊರಗೆ ಬಿಡಲಿಲ್ಲ. ಅಲೆ ಬಡಿದಾಗ ಒಂದು ಮಗುವಿಗೂ ಗಾಜು ತಾಗಲಿಲ್ಲ. ಅವರು ಮಾತ್ರ ನಿಂತೇ ಇದ್ದರು. ಗಾಜು ಬಡಿದು ಕೈಯ ಸ್ನಾಯುರಜ್ಜು ಕತ್ತರಿಸಿತು, ತೊಡೆಗೂ ಆಳವಾದ ಗಾಯವಾಯಿತು. ನಿಮಗೆ ಕೈಮುಗಿದು ಹೇಳುವ ಮಾತು: ಮಕ್ಕಳನ್ನು ಕೂರಿಸಿದ ಮೇಲೆ ನೀವೂ ಮೇಜಿನಡಿಗೆ ಹೋಗಿ. ಗಾಜು ಒಡೆದ ಮೇಲೆ 42 ಮಕ್ಕಳಿಗೆ ಎದ್ದು ಓಡಾಡುವ ದೊಡ್ಡವರೊಬ್ಬರು ಬೇಕು.

ವಾಟ್ಸಾಪಿನ ಮಾತುಗಳು

ಕ್ಷಿಪಣಿ, ಯುದ್ಧ, ವಿಮಾನ ಪತನ, ಉಪಗ್ರಹ: ಮೊದಲ ಒಂದೆರಡು ಗಂಟೆಗಳಲ್ಲಿ ಚೆಲ್ಯಾಬಿನ್ಸ್ಕ್‌ನವರೇ ಇವೆಲ್ಲ ಅಂದುಕೊಂಡಿದ್ದರು. ಫೋನ್ ಜಾಲ ಕಿಕ್ಕಿರಿದು ಕರೆ ಹೋಗುತ್ತಿರಲಿಲ್ಲ. ಆ ಪ್ರಾಂತ್ಯದ ಇತಿಹಾಸ ತಿಳಿದರೆ ಅವರ ಭಯ ಅರ್ಥವಾಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಅಲ್ಲಿ ಟ್ಯಾಂಕುಗಳು ತಯಾರಾದವು. ಅದೇ ಪ್ರಾಂತ್ಯದ ಮಯಾಕ್ ಪರಮಾಣು ಸ್ಥಾವರದಲ್ಲಿ 1957ರ ಸೆಪ್ಟೆಂಬರ್ 29ರಂದು ತ್ಯಾಜ್ಯದ ತೊಟ್ಟಿ ಸಿಡಿದು ವಿಕಿರಣ ಹರಡಿತು. ಅದನ್ನು ಸರ್ಕಾರ ದಶಕಗಳ ಕಾಲ ಜನರಿಂದ ಮುಚ್ಚಿಟ್ಟಿತ್ತು. ಒಮ್ಮೆ ಹಾಗೆ ಮೋಸಹೋದ ಊರಿನಲ್ಲಿ ಆಕಾಶ ಸಿಡಿದರೆ “ಮತ್ತೆ ಏನೋ ಮುಚ್ಚಿಡುತ್ತಿದ್ದಾರೆ” ಎಂಬ ಮಾತು ಹುಟ್ಟದೇ ಇರುತ್ತದೆಯೇ? ಅದರ ಮೇಲೆ ರಾಜಕಾರಣಿ ವ್ಲಾದಿಮಿರ್ ಝಿರಿನೋವ್ಸ್ಕಿ ಇದು ಉಲ್ಕೆಯೇ ಅಲ್ಲ, ಅಮೆರಿಕದ ಹೊಸ ಆಯುಧದ ಪರೀಕ್ಷೆ ಎಂದುಬಿಟ್ಟರು. ರಷ್ಯಾದ ಸೈನ್ಯವೇ ಹೊಡೆದುರುಳಿಸಿತು ಎಂಬ ಸುದ್ದಿಯೂ ಓಡಾಡಿತು.

ಸೆಕೆಂಡಿಗೆ 19 ಕಿ.ಮೀ. ವೇಗದಲ್ಲಿ ಬರುವ ವಸ್ತುವನ್ನು ಹೊಡೆಯುವ ಕ್ಷಿಪಣಿ ಯಾರ ಬಳಿಯೂ ಇರಲಿಲ್ಲ. ಕಾರುಗಳ ಕ್ಯಾಮೆರಾ, ಊರಿನ ಚೌಕದ ಕ್ಯಾಮೆರಾಗಳಲ್ಲಿ ಬಿದ್ದ ನೆರಳುಗಳ ಉದ್ದ ಮತ್ತು ದಿಕ್ಕು ಅಳೆದು ಬೇರೆ ಬೇರೆ ದೇಶಗಳ ಖಗೋಳಜ್ಞರು ಅದು ಬಂದ ಹಾದಿಯನ್ನು ಹಿಂದಕ್ಕೆ ಹಾಕಿ ನೋಡಿದರು. ಆ ಹಾದಿ ಮಂಗಳ ಮತ್ತು ಗುರು ಗ್ರಹಗಳ ನಡುವಿನ ಕ್ಷುದ್ರಗ್ರಹ ಪಟ್ಟಿಯ ಕಡೆಗೆ ಹೋಗುತ್ತದೆ. ಅಣುಬಾಂಬ್ ಪರೀಕ್ಷೆ ಕದ್ದು ಮಾಡುವವರನ್ನು ಹಿಡಿಯಲೆಂದು ಜಗತ್ತಿನಾದ್ಯಂತ ಇಟ್ಟಿರುವ, ಕಿವಿಗೆ ಕೇಳದ ಕಡಿಮೆ ಕಂಪನಾಂಕದ ಶಬ್ದ ಗ್ರಹಿಸುವ ಕೇಂದ್ರಗಳಲ್ಲಿ ಅಂಟಾರ್ಕ್ಟಿಕಾದವು ಸೇರಿ ಹಲವು ಕಡೆ ಈ ಅಲೆ ದಾಖಲಾಯಿತು. ಮುಚ್ಚಿಡಬೇಕೆಂದರೂ ಯಾರಿಂದಲೂ ಆಗುತ್ತಿರಲಿಲ್ಲ.

ಅದೇ ದಿನ 2012 ಡಿಎ14 ಎಂಬ ಕ್ಷುದ್ರಗ್ರಹ ಭೂಮಿಯಿಂದ ಸುಮಾರು 27,700 ಕಿ.ಮೀ. ದೂರದಲ್ಲಿ ಹಾದುಹೋಗುವುದಿತ್ತು, ಹೋಯಿತು ಕೂಡ. ಅದರ ತುಂಡೇ ಇದು ಎಂದು ಬಹಳ ಜನ ನಂಬಿದರು. ಎರಡರ ಹಾದಿಗೂ ಸಂಬಂಧವಿಲ್ಲ. ಅದು ದಕ್ಷಿಣದಿಂದ ಉತ್ತರಕ್ಕೆ ಹೋಗುತ್ತಿತ್ತು, ಇದು ಪೂರ್ವದ ಕಡೆಯಿಂದ ಬಂತು. ಕಾಕತಾಳೀಯ ಎಂದರೆ ನಂಬಲು ಮನಸ್ಸು ಬರುವುದಿಲ್ಲ, ಆದರೂ ಇದು ಅದೇ.

ಬೆಂಕಿ ಉರಿಯುವ ದೊಡ್ಡ ಕುಳಿಯ ವಿಡಿಯೊವೊಂದು “ಉಲ್ಕೆ ಬಿದ್ದ ಜಾಗ” ಎಂದು ಲಕ್ಷಾಂತರ ಜನರಿಗೆ ತಲುಪಿತು. ಅದು ತುರ್ಕ್‌ಮೆನಿಸ್ತಾನದ ದರ್ವಾಜಾದಲ್ಲಿ ದಶಕಗಳಿಂದ ಉರಿಯುತ್ತಿರುವ ಅನಿಲದ ಕುಳಿ. ನಿಜವಾಗಿ ಸಿಕ್ಕಿದ್ದು ಚೆಬಾರ್ಕುಲ್ ಕೆರೆಯ ಮಂಜುಗಡ್ಡೆಯಲ್ಲಿ ಏಳೆಂಟು ಮೀಟರ್ ಅಗಲದ ಒಂದು ತೂತು. ಅಲ್ಲಿಂದ ಅಕ್ಟೋಬರ್ 16ರಂದು ದೊಡ್ಡ ತುಂಡನ್ನು ಮೇಲೆತ್ತಿದರು. ತಕ್ಕಡಿ 570 ಕೆ.ಜಿ. ತೋರಿಸಿ ಮುರಿದುಹೋಯಿತು. ಆ ಕಲ್ಲು ಈಗ ಚೆಲ್ಯಾಬಿನ್ಸ್ಕ್‌ನ ವಸ್ತುಸಂಗ್ರಹಾಲಯದಲ್ಲಿದೆ.

ವಿಕಿರಣದ ಭಯಕ್ಕೆ ಆಧಾರವಿಲ್ಲ. ಘಟನೆಯ ಬೆನ್ನಿಗೇ ಅಲ್ಲಿ ಅಳೆದರು, ಮಟ್ಟ ಎಂದಿನಂತೆಯೇ ಇತ್ತು. ಅದು ಕಾಂಡ್ರೈಟ್ ಎಂಬ ಅತಿ ಸಾಮಾನ್ಯ ಜಾತಿಯ ಉಲ್ಕಾಶಿಲೆ. ನಮ್ಮ ಮನೆ ಮೆಟ್ಟಿಲಿನ ಗ್ರಾನೈಟ್‌ನಲ್ಲಿ ಇದಕ್ಕಿಂತ ಹೆಚ್ಚು ವಿಕಿರಣಶೀಲ ಧಾತುಗಳಿರುತ್ತವೆ. ಬೆಳಕಿನಿಂದ ಮೈ ಸುಟ್ಟದ್ದು ಮಾತ್ರ ನಿಜ, ಆದರೆ ಬಿಸಿಲಿಗೆ ಚರ್ಮ ಕೆಂಪಾಗುವ ಹಾಗೆ, ಅದೂ ಕೆಲವೇ ಜನಕ್ಕೆ. ಆಗ ಹೊರಗಿದ್ದ 1,113 ಜನರನ್ನು ವಿಜ್ಞಾನಿಗಳು ಕೇಳಿದಾಗ 25 ಮಂದಿ ಚರ್ಮ ಸುಟ್ಟಿತೆಂದರು, 70 ಮಂದಿಗೆ ಸ್ವಲ್ಪ ಹೊತ್ತು ಕಣ್ಣು ಕತ್ತಲಿಟ್ಟಿತ್ತು. ಶಾಶ್ವತವಾಗಿ ಯಾರ ಕಣ್ಣೂ ಹೋಗಲಿಲ್ಲ. ಹಾಗೆಂದು ದಿಟ್ಟಿಸಿ ನೋಡಬಾರದು.

ಮೊದಲೇ ಹೇಳಲಿಲ್ಲವೇಕೆ? 2032ರ ಕಥೆ ಏನು?

ಚೆಲ್ಯಾಬಿನ್ಸ್ಕ್‌ನ ಬಂಡೆ ಸೂರ್ಯನ ದಿಕ್ಕಿನಿಂದ ಬಂತು. ಹಗಲಿನ ಆಕಾಶದಲ್ಲಿ ನೆಲದ ಮೇಲಿನ ಯಾವ ದೂರದರ್ಶಕಕ್ಕೂ ಅದು ಕಾಣುವುದಿಲ್ಲ. ರಾತ್ರಿಯ ಕಡೆಯಿಂದ ಬರುವವು ಈಗೀಗ ಸಿಗುತ್ತಿವೆ. 2008ರ ಅಕ್ಟೋಬರಿನಲ್ಲಿ ಸುಡಾನ್ ಮೇಲೆ ಸಿಡಿದ ನಾಲ್ಕು ಮೀಟರಿನ ಕಲ್ಲು 20 ಗಂಟೆ ಮೊದಲೇ ಸಿಕ್ಕಿತ್ತು. ಸೂರ್ಯನ ಕಡೆಯ ಕುರುಡು ಜಾಗ ನೋಡಲು ಬಾಹ್ಯಾಕಾಶದಲ್ಲೇ ಶಾಖಗ್ರಾಹಿ ದೂರದರ್ಶಕ ಇಡಬೇಕು, ನಾಸಾ ಅಂಥದ್ದೊಂದನ್ನು ಕಟ್ಟುತ್ತಿದೆ. ಅಲ್ಲಿಯವರೆಗೆ 20 ಮೀಟರಿನ ಕಲ್ಲು ಹೇಳದೇ ಬರುವ ಸಾಧ್ಯತೆ ಇದ್ದೇ ಇದೆ. ಇಷ್ಟು ದೊಡ್ಡದು ಭೂಮಿಯ ಮೇಲೆ ಎಲ್ಲಾದರೂ ಬರುವುದು ಹಲವು ದಶಕಗಳಿಗೊಮ್ಮೆ, ಅದರಲ್ಲೂ ಬಹುಪಾಲು ಸಮುದ್ರದ ಮೇಲೆ, ಜನವಿಲ್ಲದ ಕಡೆ. 1908ರ ಜೂನ್ 30ರಂದು ಸೈಬೀರಿಯಾದ ತುಂಗುಸ್ಕಾದಲ್ಲಿ ಇದಕ್ಕಿಂತ ಬಹಳ ದೊಡ್ಡದು ಸಿಡಿದು 2,000 ಚದರ ಕಿ.ಮೀ. ಕಾಡು ಮಲಗಿತು. ಅಲ್ಲಿ ಊರಿರಲಿಲ್ಲ.

2032ರದ್ದು 2024 ವೈಆರ್4 ಎಂಬ, ಸುಮಾರು 60 ಮೀಟರಿನ ಕ್ಷುದ್ರಗ್ರಹ. 2024ರ ಡಿಸೆಂಬರ್ 27ರಂದು ಚಿಲಿಯ ದೂರದರ್ಶಕಕ್ಕೆ ಸಿಕ್ಕಿತು. 2032ರ ಡಿಸೆಂಬರ್ 22ಕ್ಕೆ ಭೂಮಿಗೆ ಬಡಿಯುವ ಸಾಧ್ಯತೆ ಮೊದಲು ನೂರಕ್ಕೆ ಒಂದು ಎಂದರು, 2025ರ ಫೆಬ್ರವರಿ 18ಕ್ಕೆ ನೂರಕ್ಕೆ 3.1ಕ್ಕೆ ಏರಿತು. ಬಡಿಯಬಹುದಾದ ಪಟ್ಟಿ ಪೆಸಿಫಿಕ್‌ನಿಂದ ಆಫ್ರಿಕಾ, ಅರಬ್ಬೀ ಸಮುದ್ರ ದಾಟಿ ದಕ್ಷಿಣ ಏಷ್ಯಾದವರೆಗೂ ಇದ್ದುದರಿಂದ ನಮ್ಮ ಚಾನೆಲ್ಲುಗಳಲ್ಲಿ ಮುಂಬೈ ಹೆಸರು ಬಂತು. ಒಂದು ವಾರದೊಳಗೆ ಆ ಸಾಧ್ಯತೆ ಸೊನ್ನೆಯ ಹತ್ತಿರಕ್ಕೆ ಇಳಿಯಿತು. ಆ ಸುದ್ದಿ ಮಾತ್ರ ಗ್ರೂಪುಗಳಿಗೆ ಬರಲಿಲ್ಲ.

ಏರಿ ಇಳಿದದ್ದಕ್ಕೇ ಜನಕ್ಕೆ ಅನುಮಾನ. ಇದನ್ನು ಮಕ್ಕಳಿಗೆ ಹೀಗೆ ಹೇಳಿ: ನೂರು ಗುಂಟೆ ಹೊಲದಲ್ಲಿ ಎಲ್ಲೋ ಒಂದು ಉಂಗುರ ಬಿದ್ದಿದೆ. ಅದರಲ್ಲಿ ನಿಮ್ಮ ಮನೆಯದು ಒಂದು ಗುಂಟೆ. ಉಂಗುರ ನಿಮ್ಮ ಗುಂಟೆಯಲ್ಲಿರುವ ಸಾಧ್ಯತೆ ನೂರಕ್ಕೆ ಒಂದು. ಹುಡುಕಿ ಹುಡುಕಿ “ಈ 32 ಗುಂಟೆಯಲ್ಲೇ ಇದೆ” ಎಂದು ಖಾತ್ರಿಯಾಯಿತು, ನಿಮ್ಮ ಗುಂಟೆಯೂ ಅದರೊಳಗಿದೆ. ಈಗ ಸಾಧ್ಯತೆ ನೂರಕ್ಕೆ ಮೂರು ದಾಟಿತು. ಇನ್ನೂ ಹುಡುಕಿದರು, ಹತ್ತು ಗುಂಟೆಗೆ ಇಳಿಯಿತು, ನಿಮ್ಮದು ಅದರಲ್ಲಿಲ್ಲ. ಸಾಧ್ಯತೆ ಸೊನ್ನೆ. ಉಂಗುರ ಇದ್ದಲ್ಲೇ ಇತ್ತು, ಬದಲಾದದ್ದು ನಮ್ಮ ತಿಳಿವಳಿಕೆ. ಮುಂದೆ ಇಂಥ ಸುದ್ದಿ ಬಂದಾಗಲೂ ಸಂಖ್ಯೆ ಮೊದಲು ಏರಿ ಆಮೇಲೆ ಧಡಕ್ಕನೆ ಬೀಳುವುದನ್ನೇ ಹೆಚ್ಚಾಗಿ ನೋಡುತ್ತೀರಿ.

ಇನ್ನು ಬೆಂಗಳೂರಿನ ಶಬ್ದ. 2020ರ ಮೇ 20ರ ಮಧ್ಯಾಹ್ನ ಕೇಳಿದ್ದು ವಾಯುಪಡೆಯ ಪರೀಕ್ಷಾ ವಿಮಾನ ಬಹಳ ಎತ್ತರದಲ್ಲಿ ಶಬ್ದಾತೀತ ವೇಗದಿಂದ ವೇಗ ಇಳಿಸುವಾಗ ಎದ್ದ ಅಲೆ ಎಂದು ರಕ್ಷಣಾ ಇಲಾಖೆ ಅದೇ ದಿನ ತಿಳಿಸಿತು. ಬೆಳಕಿಲ್ಲದೆ ಬರೀ ಶಬ್ದ ಬಂದರೆ ಮುಖ್ಯ ಅಲೆ ದಾಟಿಹೋಗಿದೆ ಎಂದರ್ಥ. ಆದರೂ ಬಾಲ್ಕನಿಗೆ ಓಡುವುದು ಬೇಡ. ಮೇಲಿನ ಮಹಡಿಗಳಲ್ಲಿ ಬಿರುಕು ಬಿಟ್ಟ ಗಾಜು ಸ್ವಲ್ಪ ಹೊತ್ತಿನ ಮೇಲೂ ಬೀಳುತ್ತದೆ, ಚೆಲ್ಯಾಬಿನ್ಸ್ಕ್‌ನಲ್ಲಂತೂ ಮೊದಲ ಹೊಡೆತದ ಹಿಂದೆಯೇ ಇನ್ನೂ ಹಲವು ಸಣ್ಣ ಸದ್ದುಗಳು ಬಂದವು.

ನಿಮ್ಮ ತರಗತಿಗೆ

ಖರ್ಚಿಲ್ಲದ್ದು ಅಭ್ಯಾಸ. ಉಲ್ಕೆಗೆಂದೇ ಬೇರೆ ಅಭ್ಯಾಸ ಬೇಡ, ಭೂಕಂಪಕ್ಕೆ ಮಾಡುವ ಡೆಸ್ಕಿನಡಿ ಕೂರುವ ಅಭ್ಯಾಸವೇ ಸಾಕು. ಕಾರ್ಖಾನೆ ಸ್ಫೋಟ, ಸಿಲಿಂಡರ್ ಸ್ಫೋಟ ಇಂಥ ನಿಜಕ್ಕೂ ಹೆಚ್ಚು ಸಂಭವಿಸುವ ಅಪಾಯಗಳಿಗೂ ಅದೇ ಆಗುತ್ತದೆ. ಒಂದೇ ಪದ ಗೊತ್ತುಮಾಡಿ, “ಕೆಳಗೆ!” ಎಂದರೆ ಸಾಕು. ಐದು ಸೆಕೆಂಡಿನೊಳಗೆ ಎಲ್ಲರೂ ಡೆಸ್ಕಿನಡಿ ಇರಬೇಕು. ಕಿಟಕಿ ಪಕ್ಕದ ಸಾಲಿನ ಮಕ್ಕಳು ತಮ್ಮ ಡೆಸ್ಕಿನಡಿ ಹೋಗದೆ ಒಳಗೋಡೆಯ ಕಡೆಗೆ ಬರಬೇಕು. ಗಾಜಿಗೆ ಬೆನ್ನು ಮಾಡಿ, ಕಣ್ಣು ಮುಚ್ಚಿ, ತೋಳುಗಳಿಂದ ಕಿವಿ ಮತ್ತು ಕತ್ತು ಮುಚ್ಚಿಕೊಂಡಿರಬೇಕು. ಒಬ್ಬರು ಗಟ್ಟಿಯಾಗಿ 300ರವರೆಗೆ ಎಣಿಸಲಿ. ನಡುವೆ ಸದ್ದು ಬಂದರೆ ಏಳಬಾರದು, ಕೊನೆಯ ಸದ್ದಿನಿಂದ ಇನ್ನೂ ಎರಡು ನಿಮಿಷ ಕಾಯಬೇಕು.

ಇದರಲ್ಲಿ ತಪ್ಪುವುದು ಎಲ್ಲಿ? ಹೊರಗೆ ಓಡಿಸುವಲ್ಲಿ. ಬೆಳಕು ಕಂಡು 42 ಮಕ್ಕಳನ್ನು ಮೆಟ್ಟಿಲಿಗೆ ಬಿಟ್ಟರೆ ಅಲೆ ಬರುವ ಹೊತ್ತಿಗೆ ಅವರು ಮೆಟ್ಟಿಲ ಪಕ್ಕದ ದೊಡ್ಡ ಗಾಜಿನ ಮುಂದೆಯೋ ಕಟ್ಟಡದ ಗೋಡೆಗಾಜಿನ ಬುಡದಲ್ಲೋ ಇರುತ್ತಾರೆ. ಕಿಟಕಿ ತೆರೆದಿಟ್ಟರೆ ಗಾಜು ಒಡೆಯುವುದಿಲ್ಲ ಎಂದು ಕೆಲವರು ತೆರೆಯಲು ಹೋಗುತ್ತಾರೆ, ಅದು ಕಿಟಕಿಯ ಹತ್ತಿರ ಹೋಗಲು ಇನ್ನೊಂದು ನೆಪ ಅಷ್ಟೆ. ಪರದೆ ಇದ್ದು, ಕೈಗೆ ಸಿಗುವಂತಿದ್ದರೂ ಎಳೆಯಲು ಹೋಗಬೇಡಿ. ಬಿಸಿಲಿಗೆ ಮೊದಲೇ ಎಳೆದಿದ್ದರೆ ಒಳ್ಳೆಯದು, ದಪ್ಪ ಬಟ್ಟೆ ಸಾಕಷ್ಟು ಚೂರು ತಡೆಯುತ್ತದೆ. ನಮ್ಮ ಶಾಲೆಗಳ ಕಬ್ಬಿಣದ ಗ್ರಿಲ್ ಕಳ್ಳರನ್ನು ತಡೆಯುತ್ತದೆ, ಒಳಗೆ ಹಾರುವ ಗಾಜನ್ನಲ್ಲ.

ಇನ್ನೊಂದು ಸಣ್ಣ ವಿಷಯ, ಬಹಳ ಜನ ಮರೆಯುವಂಥದ್ದು: ಎಷ್ಟೋ ಶಾಲೆಗಳಲ್ಲಿ ಮಕ್ಕಳು ಚಪ್ಪಲಿ, ಶೂ ತರಗತಿಯ ಹೊರಗೆ ಬಿಡುತ್ತಾರೆ. ಗಾಜು ಒಡೆದ ಮೇಲೆ ಬರಿಗಾಲಲ್ಲಿ ಹೊರಟರೆ ಡೆಸ್ಕಿನಡಿ ತಪ್ಪಿಸಿಕೊಂಡ ಗಾಯ ಬಾಗಿಲಲ್ಲಿ ಆಗುತ್ತದೆ. ಶೂ ಒಳಗೆ ತಂದುಕೊಡುವವರೆಗೆ ಯಾರೂ ಕದಲಬಾರದು.

ಖರ್ಚಿನ ಕೆಲಸಗಳು ಎರಡು. ಒಂದು, ಈಗಿರುವ ಗಾಜಿಗೆ ಒಳಗಿನಿಂದ ಸುರಕ್ಷತಾ ಫಿಲ್ಮ್ ಅಂಟಿಸುವುದು. ಕನಿಷ್ಠ 100 ಮೈಕ್ರಾನ್ ದಪ್ಪ ಇರಬೇಕು, ಬಿಸಿಲು ತಡೆಯಲು ಹಾಕುವ ತೆಳು ಫಿಲ್ಮ್ ಕೆಲಸಕ್ಕೆ ಬರುವುದಿಲ್ಲ. ಗಾಜು ಒಡೆದರೂ ಚೂರುಗಳು ಹಾಳೆಗೆ ಅಂಟಿಕೊಂಡಿರುತ್ತವೆ. ಕಾಣುವ ಗಾಜಿಗಷ್ಟೇ ಅಂಟಿಸಿ ಚೌಕಟ್ಟಿಗೆ ಹಿಡಿಸದಿದ್ದರೆ ಒತ್ತಡ ಜಾಸ್ತಿಯಾದಾಗ ಇಡೀ ಹಾಳೆ ಗಾಜಿನ ಸಮೇತ ಕಳಚಿ ಬೀಳುತ್ತದೆ. ಅಂಚಿಗೆ ಸೀಲೆಂಟ್ ಅಥವಾ ಪಟ್ಟಿ ಹೊಡೆಸಿ. ಬಿಸಿಲಿಗೆ ವರ್ಷಗಳಲ್ಲಿ ಅಂಟು ಸಡಿಲವಾಗುತ್ತದೆ, ಗುಳ್ಳೆ ಎದ್ದರೆ ಬದಲಿಸಬೇಕು. ಇನ್ನೊಂದು, ಗಾಜನ್ನೇ ಬದಲಿಸುವುದು. ಟಫನ್ಡ್ ಗಾಜು ಕಲ್ಲುಸಕ್ಕರೆಯಂತೆ ಸಣ್ಣ ಹರಳಾಗಿ ಒಡೆಯುತ್ತದೆ, ಆಳವಾಗಿ ಕುಯ್ಯುವುದಿಲ್ಲ. ಆದರೆ ಪೂರ್ತಿ ಉದುರುತ್ತದೆ, ಮೇಲಿನ ಮಹಡಿಯದಾದರೆ ಕೆಳಗಿದ್ದವರಿಗೆ ಅಪಾಯ. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರವಿರುವ ಲ್ಯಾಮಿನೇಟೆಡ್ ಗಾಜು ಒಡೆದರೂ ಚೌಕಟ್ಟಿನಲ್ಲೇ ನಿಲ್ಲುತ್ತದೆ, ದುಬಾರಿ. ಉಲ್ಕೆಯ ಹೆಸರಿನಲ್ಲಿ ಇಷ್ಟು ಖರ್ಚು ಮಾಡಿ ಎಂದು ನಾನು ಹೇಳುವುದಿಲ್ಲ. ಹೇಗೂ ಕಿಟಕಿ ರಿಪೇರಿ ಬಂದಾಗ, ಕ್ರಿಕೆಟ್ ಚೆಂಡಿನಿಂದ ಒಡೆಯುವ ಗಾಜಿಗೂ ಸೇರಿಸಿ ಯೋಚಿಸಿ. ಅಲ್ಲಿಯವರೆಗೆ ಬೆಂಚುಗಳನ್ನು ಕಿಟಕಿಯಿಂದ ಆದಷ್ಟು ಒಳಕ್ಕೆ ಸರಿಸಿ.

ಗಾಯವಾದರೆ: ಹೊಕ್ಕ ಗಾಜನ್ನು ಕೀಳಬೇಡಿ, ರಕ್ತ ಕಟ್ಟಿ ನಿಲ್ಲಿಸಿರುವುದು ಎಷ್ಟೋ ಸಲ ಅದೇ. ಅದರ ಎರಡೂ ಪಕ್ಕ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಕಣ್ಣಿಗೆ ಚೂರು ಹೋದರೆ ಉಜ್ಜಬಾರದು, ಒತ್ತಬಾರದು. ಕಾಗದದ ಲೋಟದ ಬುಡವನ್ನು ಕಣ್ಣಿನ ಮೇಲೆ ಮುಚ್ಚಿ ಕಟ್ಟಿ 108ಕ್ಕೆ ಹೇಳಿ. ಕರೆ ಹೋಗದಿದ್ದರೆ ಪೋಷಕರಿಗೆ ಎಸ್‌ಎಂಎಸ್ ಕಳಿಸಿ, ಜಾಲ ಕಿಕ್ಕಿರಿದಾಗ ಅದೇ ಬೇಗ ದಾಟುತ್ತದೆ.

ಕಲ್ಲು ಸಿಕ್ಕರೆ? ಚೆಲ್ಯಾಬಿನ್ಸ್ಕ್‌ನಲ್ಲಿ ಹಳ್ಳಿಗರು ಹಿಮದಲ್ಲಿ ಇಲಿಬಿಲದಂಥ ತೂತು ನೋಡಿ ಅದರ ತಳದಿಂದ ಬಟಾಣಿ ಗಾತ್ರದ ಕಪ್ಪು ಕಲ್ಲುಗಳನ್ನು ಹೆಕ್ಕಿದರು. ಮಾರಾಟ ಜೋರಾಯಿತು, ನಕಲಿಯೂ ಬಂತು. ನಮ್ಮಲ್ಲಿ ಬಿದ್ದ ಉಲ್ಕಾಶಿಲೆಗಳ ಪಾಲನೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯದು. ಪಕ್ಕದಲ್ಲಿ ಸ್ಕೇಲ್ ಇಟ್ಟು ಬಿದ್ದ ಜಾಗದಲ್ಲೇ ಫೋಟೊ ತೆಗೆಯಿರಿ, ಸ್ಥಳ ಗುರುತಿಸಿ, ಸ್ವಚ್ಛ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಹಶೀಲ್ದಾರರಿಗೆ ಅಥವಾ ಪೊಲೀಸರಿಗೆ ತಿಳಿಸಿ. ತೊಳೆಯಬೇಡಿ. ಅಯಸ್ಕಾಂತ ಹಿಡಿದು ಪರೀಕ್ಷೆ ಮಾಡಬೇಡಿ, ಕಲ್ಲು ಕೋಟ್ಯಂತರ ವರ್ಷ ಉಳಿಸಿಕೊಂಡ ಕಾಂತೀಯ ಗುರುತು ಅದರಿಂದ ಅಳಿಸಿಹೋಗುತ್ತದೆ.

ಮಕ್ಕಳನ್ನು ಹೆದರಿಸದೆ ಹೇಳುವುದಕ್ಕೆ ಲೆಕ್ಕದಷ್ಟು ಒಳ್ಳೆಯ ದಾರಿ ಇಲ್ಲ. ಆ ಹುಡುಗನನ್ನೇ ಬೋರ್ಡಿಗೆ ಕರೆಯಿರಿ. ಬೆಳಕಿನಿಂದ ಸದ್ದಿಗೆ 140 ಸೆಕೆಂಡು. ಮೇಲಿನ ತಣ್ಣನೆಯ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 300 ಮೀಟರ್ ಹೋಗುತ್ತದೆ. ಗುಣಿಸಿದರೆ 42 ಕಿ.ಮೀ., ಅದು ಓರೆಯಾದ ದೂರ, ತ್ರಿಕೋನದ ಕರ್ಣ. ಎತ್ತರ 30 ಕಿ.ಮೀ. ಪೈಥಾಗೊರಸ್ ಹಾಕಿ ನೆಲದ ಮೇಲಿನ ದೂರ ಎಷ್ಟೆಂದು ಕೇಳಿ. 29ರ ಆಸುಪಾಸು ಬರುತ್ತದೆ. ಉಲ್ಕೆಯ ಹಾದಿ ನಿಜಕ್ಕೂ ಚೆಲ್ಯಾಬಿನ್ಸ್ಕ್‌ನ ದಕ್ಷಿಣಕ್ಕೆ 30–40 ಕಿ.ಮೀ. ದೂರದಲ್ಲಿ ಹಾದಿತ್ತು. ಆಮೇಲೆ ಗಡಿಯಾರ ಇಟ್ಟು ಇಡೀ ತರಗತಿಯನ್ನು 140 ಸೆಕೆಂಡು ಸುಮ್ಮನೆ ಕೂರಿಸಿ. ಅದು ಎಷ್ಟು ದೀರ್ಘ ಸಮಯ, ಅಷ್ಟರಲ್ಲಿ ಎಷ್ಟು ಸಲ ಎದ್ದು ಕಿಟಕಿಯಲ್ಲಿ ಇಣುಕಬೇಕು ಅನ್ನಿಸಿತು ಎಂದು ಅವರನ್ನೇ ಕೇಳಿ ನೋಡಿ.